ಗಾಳಗಾರರಿಗೆ ಪ್ರತಿನಿಧಿ ಯಾರು?

ಇಂಗ್ಲೆಂಡಿನ ಕಡಲತೀರದಲ್ಲಿ ರಜಾದಿನ ಗಾಳ ಹಾಕಿಕೊಂಡು ಕೂರುವ ಜನರ ವಿಚಾರವಾಗಿ ನಾವು ಈ ವಾರ ಬರೆಯುತ್ತಿದ್ದೇವೆ. ವಾಚಕರಲ್ಲಿ ಅನೇಕರಿಗೆ ಇದು ವಿಚಿತ್ರವಾಗಿ ತೋರೀತು. ಗಿರಣಿ ಕಾರ್ಮಿಕರ ಬೋನಸ್ಸಿನ ಪ್ರಶ್ನೆ, ಸಣ್ಣ ವ್ಯಾಪಾರಿಗಳ ತೆರಿಗೆಯ ತಾಪತ್ರಯ ಇವನ್ನೆಲ್ಲ ಬದಿಗಿಟ್ಟು ಸಾವಿರಾರು ಮೈಲಿ ದೂರದ ಮೀನಿನ ಕತೆ ನಮಗೇತಕ್ಕೆಂದು ಕೇಳುವವರು ಕೇಳಲಿ. ಖುಷಿಗಾಗಿ ಮೀನು ಹಿಡಿಯುವವನ ಗೋಳೂ ಒಂದು ಗೋಳೇ ಎಂದು ನಗುವವರೂ ಇದ್ದಾರು. ನಗುವ ಮೊದಲು ಒಂದು ಮಾತು. ಒಬ್ಬರಿಂದೊಬ್ಬರು ದೂರ ಚದುರಿಹೋಗಿರುವ, ಯಾವ ಸಂಘಕ್ಕೂ ಸೇರದ, ಯಾವ ದಫ್ತರದಲ್ಲಿಯೂ ಹೆಸರಿಲ್ಲದ ಲಕ್ಷಾಂತರ ಜನರ ಪರವಾಗಿ ಸರಕಾರದ ಮುಂದೆ ಮಾತಾಡುವ ಅಧಿಕಾರ ಯಾರಿಗಿದೆ? ಇದು ಬೀಡಿ ಕಟ್ಟುವವರ ಪ್ರಶ್ನೆ, ಹಮಾಲಿಗಳ ಪ್ರಶ್ನೆ, ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವವರ ಪ್ರಶ್ನೆ. ಅದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಗಾಳದ ಕೋಲು ಹಿಡಿದು ನಿಂತಿದೆ, ಅಷ್ಟೇ.

ಆ ದೇಶದಲ್ಲಿ ಹೊಳೆಯ ಮೀನಿಗೆ ಒಡೆಯನಿದ್ದಾನೆ. ಸಾಲ್ಮನ್, ಟ್ರೌಟ್ ಮೀನುಗಳಿರುವ ಒಳ್ಳೆಯ ಹೊಳೆಗಳ ದಡ ಬಹುಮಟ್ಟಿಗೆ ಜಮೀನುದಾರರ ಸ್ವತ್ತು. ಇಲ್ಲವೇ ಅವರಿಂದ ಗೇಣಿಗೆ ಹಿಡಿದ ಕ್ಲಬ್ಬುಗಳ ವಶ. ಕೂಲಿಯವನಿಗೆ ಅಲ್ಲಿ ಪ್ರವೇಶವಿಲ್ಲ. ಸಮುದ್ರದ ಸಂಗತಿ ಬೇರೆ. ಭರತ ಇಳಿತಗಳ ನೀರು ಮುಟ್ಟುವ ಕಡೆ ಮೀನು ಹಿಡಿಯುವ ಹಕ್ಕು ಸಾರ್ವಜನಿಕರದೆಂದು, ಮ್ಯಾಗ್ನಾಕಾರ್ಟಾದ ಕಾಲವನ್ನು ಆಧಾರವಾಗಿಟ್ಟುಕೊಂಡು, ಅಲ್ಲಿನ ನ್ಯಾಯಾಲಯಗಳು ಒಪ್ಪುತ್ತ ಬಂದಿವೆ. ಹೊಳೆಯಲ್ಲಿ ಗಾಳ ಹಾಕಲು ಸರಕಾರದ ಪರವಾನಗಿ ಬೇಕು. ಕಡಲಿನ ಸಾಮಾನ್ಯ ಮೀನಿಗೆ ಅದೂ ಬೇಡ. ಆದಕಾರಣ ಬಡವನ ಗಾಳ ಕಡಲಿಗೆ ಬಿತ್ತು.

ನಮ್ಮ ಗಿರಣಿಯ ಮಿತ್ರರಿಗೆ ಲ್ಯಾಂಕಾಶೈರಿನ ಹೆಸರು ಹೊಸದಲ್ಲ. ಅಲ್ಲಿನ ಬಟ್ಟೆ ಗಿರಣಿಗಳು ಬೇಸಗೆಯಲ್ಲಿ ಊರಿಗೊಂದರಂತೆ ಒಂದು ವಾರ ಪೂರ್ತಿ ಬಾಗಿಲು ಹಾಕುತ್ತಿದ್ದುವು. 'ವೇಕ್ಸ್ ವಾರ' ಎಂದು ಅದಕ್ಕೆ ಹೆಸರು. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿನಂತಹ ಕಡಲೂರಿಗೆ ಹೋಗುವುದು. ಮೊದಮೊದಲು ಆ ವಾರಕ್ಕೆ ಸಂಬಳವಿರಲಿಲ್ಲ. ವರ್ಷವಿಡೀ ಕಾಸಿಗೆ ಕಾಸು ಕೂಡಿಟ್ಟು ಹೋಗಬೇಕಾಗಿತ್ತು. ಸಂಬಳಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. 1931ರಲ್ಲಿ ಗಾಂಧೀಜಿಯವರು ಕಾಣಹೋದದ್ದು ಇದೇ ಜನರನ್ನು. ನಮ್ಮ ವಸ್ತ್ರ ಬಹಿಷ್ಕಾರದಿಂದ ಕೆಲಸಕ್ಕೆ ಕುತ್ತು ಬಂದಿದ್ದರೂ ಅವರನ್ನು ಆದರದಿಂದ ಬರಮಾಡಿಕೊಂಡವರು ಇವರು. ಸಮುದ್ರದೊಳಕ್ಕೆ ಚಾಚಿದ ಸೇತುವೆಯ ತುದಿಯಲ್ಲಿ ನಿಂತು ಗಾಳ ಬಿಡುವುದು ಇಂತಹ ಜನರ ವಿನೋದ. ಇಂದು ಆ ಗಿರಣಿಗಳು ಹೆಚ್ಚುಕಡಿಮೆ ಎಲ್ಲವೂ ಮುಚ್ಚಿಹೋಗಿವೆ. ಆದರೂ ಕಲ್ಲಿನ ದಂಡೆಯ ಮೇಲೆ ಮಳೆಯಂಗಿ ಹಾಕಿ ಕೂತ ಬಸ್ಸಿನ ಡ್ರೈವರನೋ, ಗಾರೆ ಕೆಲಸದವನೋ, ಪಿಂಚಣಿಯ ಮುದುಕನೋ ಈಗಲೂ ಇದ್ದಾನೆ. ಸ್ವಂತ ಮೋಟಾರು ದೋಣಿಯಿಟ್ಟುಕೊಂಡು ಆಳ ಕಡಲಿಗೆ ಹೋಗುವ ಶ್ರೀಮಂತರೂ ಇದ್ದಾರೆ. ಇಬ್ಬರ ಹೆಸರೂ 'ಹವ್ಯಾಸಿ ಗಾಳಗಾರ'. ಇಬ್ಬರನ್ನು ಒಂದೇ ಹೆಸರಿನಿಂದ ಕರೆಯುವಾಗ ಯಾರ ಮಾತು ಮುಂದಾಗುತ್ತದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವರು ಎಷ್ಟು ಮಂದಿ? 2012ರಲ್ಲಿ ಅಲ್ಲಿನ ಸರಕಾರವೇ ನಡೆಸಿದ ಸಮೀಕ್ಷೆಯಂತೆ ಇಂಗ್ಲೆಂಡೊಂದರಲ್ಲಿಯೇ 8 ಲಕ್ಷ 84 ಸಾವಿರ ವಯಸ್ಕರು ಆ ವರ್ಷ ಕಡಲಿಗೆ ಗಾಳ ಹಾಕಿದ್ದರು. ಅದಕ್ಕಾಗಿ ಅವರು ಖರ್ಚು ಮಾಡಿದ್ದು 123 ಕೋಟಿ ಪೌಂಡು. 10,400 ಜನರ ಪೂರ್ಣಾವಧಿ ದುಡಿಮೆಗೆ ಸಮನಾದ ಕೆಲಸ ಇದರಿಂದ ನೇರವಾಗಿ ಹುಟ್ಟಿತ್ತು. ಆ ಹಣ ಎಲ್ಲಿಗೆ ಹೋಗುತ್ತದೆ? ಎರೆಹುಳ ಮಾರುವ ಅಂಗಡಿಗೆ, ಗಾಳ ದಾರ ಮಾರುವವನಿಗೆ, ದಿನದ ಬಾಡಿಗೆಗೆ ದೋಣಿ ಬಿಡುವವನಿಗೆ, ಬೆಳಿಗ್ಗೆ ಐದಕ್ಕೇ ಚಹದ ಅಂಗಡಿ ತೆರೆಯುವವನಿಗೆ, ಎರಡು ಕೋಣೆ ಬಾಡಿಗೆಗೆ ಕೊಡುವ ವಿಧವೆಗೆ. ಅಂದರೆ ನಮ್ಮ ಪತ್ರಿಕೆ ಓದುವಂತಹ ಸಣ್ಣ ವ್ಯಾಪಾರಿಗಳಿಗೆ. ಇಷ್ಟು ದೊಡ್ಡ ಸಮೂಹಕ್ಕೆ ಮೀನಿನ ಕಾನೂನು ಮಾಡುವ ಕಡೆ ಏನು ಸ್ಥಾನವಿತ್ತು ಎಂಬುದಕ್ಕೆ ಒಂದೇ ಒಂದು ಮೀನಿನ ಚರಿತ್ರೆ ಸಾಕು.

ಬಾಸ್ ಎಂಬುದು ಬೆಳ್ಳಿಯ ಮೈಬಣ್ಣದ, ಗಾಳಗಾರನಿಗೆ ಬಲು ಮೆಚ್ಚಿನ ಮೀನು. ಅದು ಬೆಳೆಯುವುದು ನಿಧಾನ. ಹೆಣ್ಣು ಮೀನು ಮೊಟ್ಟೆಯಿಡುವ ಹೊತ್ತಿಗೆ ಸುಮಾರು 42 ಸೆಂಟಿಮೀಟರ್ ಉದ್ದವಾಗಿರುತ್ತದೆ. ಅಷ್ಟಾಗಲು ಐದಾರು ವರ್ಷ ಬೇಕು. ಆದರೆ ಹಿಡಿಯಬಹುದಾದ ಕನಿಷ್ಠ ಅಳತೆ ಬಹುಕಾಲ 36 ಸೆಂಟಿಮೀಟರ್ ಆಗಿತ್ತು. ಒಮ್ಮೆಯಾದರೂ ಮೊಟ್ಟೆಯಿಡುವ ಮೊದಲೇ ಹಿಡಿಯಲು ಕಾನೂನೇ ಅಪ್ಪಣೆ ಕೊಟ್ಟಂತೆ. ಬೀಜದ ಭತ್ತವನ್ನು ಕುಟ್ಟಿ ತಿನ್ನುವ ಸಂಸಾರ ಎಷ್ಟು ದಿನ ನಡೆದೀತು? 1973ರಿಂದ ಇರುವ ಬಾಸ್ ಗಾಳಗಾರರ ಸಂಘದವರು ಅಳತೆಯನ್ನು ಏರಿಸಿರೆಂದು ಮೊರೆಯಿಟ್ಟರು. ತಮಗೆ ಸಿಗುವ ಮೀನೂ ಇದರಿಂದ ಕಡಿಮೆಯಾಗುತ್ತದೆಂದು ಬಲ್ಲವರೇ ಹಾಗೆ ಕೇಳಿದರು. ಕೊನೆಗೊಬ್ಬ ಮಂತ್ರಿ 40 ಸೆಂಟಿಮೀಟರಿಗೆ ಏರಿಸುತ್ತೇವೆಂದು ಸಾರಿದರು. 2007ರಲ್ಲಿ ಆ ಖಾತೆಗೆ ಬೇರೆ ಮಂತ್ರಿ ಬಂದರು. ಮೀನು ಉದ್ಯಮದವರ ಒತ್ತಡ ಬಂತು. ಸಾರಿದ್ದು ಸಾರಿದ ಹಾಗೆಯೇ ಬಿದ್ದುಹೋಯಿತು. ಎಂಟು ವರ್ಷ ಕಳೆದ ಮೇಲೆ, 2015ರ ಸೆಪ್ಟೆಂಬರಿನಲ್ಲಿ, ಅಳತೆ 42 ಆಯಿತು. ಅದನ್ನು ಮಾಡಿಸಿದ್ದು ಯುರೋಪಿಯನ್ ಒಕ್ಕೂಟ. ಅಷ್ಟರಲ್ಲಿ ಮೀನಿನ ಸಂತತಿಯೇ ಕುಸಿದಿತ್ತು.

ಮುಂದಿನ ಮೂರು ವರ್ಷಗಳ ಕತೆಯನ್ನು ಗಮನವಿಟ್ಟು ನೋಡಬೇಕು. 2015ರ ಜನವರಿಯಲ್ಲಿ, ಮೊಟ್ಟೆಯಿಡಲು ಗುಂಪುಗೂಡಿದ ಬಾಸ್ ಮೇಲೆ ಜೋಡಿ ಹಡಗುಗಳು ಎಳೆಯುವ ಬಲೆಗೆ ಏಪ್ರಿಲ್ ಕೊನೆಯ ತನಕ ನಿಷೇಧ ಬಂತು. ಅದು ಸರಿಯಾದ ಕೆಲಸ. ಅದೇ ಮಾರ್ಚಿನಲ್ಲಿ ಗಾಳಗಾರನಿಗೆ ದಿನಕ್ಕೆ ಮೂರೇ ಮೀನು ಎಂದು ಕಟ್ಟಳೆಯಾಯಿತು. 2016ರಲ್ಲಿ ಮೊದಲ ಆರು ತಿಂಗಳು ಒಂದು ಮೀನನ್ನೂ ಮನೆಗೊಯ್ಯಕೂಡದು, ಹಿಡಿದರೆ ಬಿಡಬೇಕು. ಮುಂದಿನ ಆರು ತಿಂಗಳು ದಿನಕ್ಕೊಂದು. 2017ರಲ್ಲೂ ಅದೇ. 2018ಕ್ಕೆ ಬಂದ ಆಜ್ಞೆಯಂತೂ ವರ್ಷವಿಡೀ ಒಂದೂ ಇಲ್ಲ ಎಂಬುದಾಗಿತ್ತು. ಅದೇ 2018ರಲ್ಲಿ ಗಾಳ ಹಾಕಿ ಮಾರುವ ದೋಣಿಗೆ ವರ್ಷಕ್ಕೆ 5 ಟನ್ನು, ನಿಲುಬಲೆಯ ದೋಣಿಗೆ 1.2 ಟನ್ನು ಬಾಸ್ ಹಿಡಿಯಲು ಅನುಮತಿಯಿತ್ತು. ಪಿಂಚಣಿಯ ಮುದುಕ ದಂಡೆಯ ಮೇಲೆ ಹಿಡಿದ ಒಂದು ಮೀನನ್ನು ಹೆಂಡತಿಗೆ ಒಯ್ದುಕೊಟ್ಟರೆ ಅಪರಾಧ!

ದೋಣಿಯವನಿಗೆ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಅವನಿಗೆ ಅದು ಅನ್ನ. ನಮ್ಮ ತಕರಾರಿರುವುದು ನಿರ್ಣಯವಾದ ರೀತಿಯ ಮೇಲೆ. ಪ್ರತಿ ಡಿಸೆಂಬರಿನಲ್ಲಿ ಮೀನುಗಾರಿಕೆಯ ಮಂತ್ರಿಗಳು ಬ್ರಸೆಲ್ಸಿನಲ್ಲಿ ಕೂಡಿ, ಬಾಗಿಲು ಮುಚ್ಚಿ, ಬೆಳಗಾಗುವ ತನಕ ಚೌಕಾಶಿ ಮಾಡಿ ಮುಂದಿನ ವರ್ಷದ ಮೀನನ್ನು ಹಂಚಿಕೊಳ್ಳುವುದು ಪದ್ಧತಿ. ದೊಡ್ಡ ಹಡಗಿನವರ ವಕೀಲರು ಹೊರಗಿನ ಓಣಿಯಲ್ಲಿ ನಿಂತಿರುತ್ತಾರೆ. ದಂಡೆಯ ಮೇಲಿನ ಮನುಷ್ಯ ಎಲ್ಲಿದ್ದ? ಆತನಿಗೆ ಸುದ್ದಿ ತಿಳಿದದ್ದು ಪತ್ರಿಕೆಯಲ್ಲಿ.

ಈ ಶಿಕ್ಷೆಗೆ ಆಧಾರವಾದ ಲೆಕ್ಕವನ್ನೂ ಒಂದಿಷ್ಟು ನೋಡೋಣ. ಹಿಡಿಯಲ್ಪಡುವ ಬಾಸಿನಲ್ಲಿ ನೂರಕ್ಕೆ 25 ಪಾಲು ಹವ್ಯಾಸಿಗಳದೆಂದು 2015ರಲ್ಲಿ ಯುರೋಪಿಯನ್ ಕಮಿಷನ್ ಹೇಳಿತು. ದೋಣಿಯವನು ಬಂದರಿನಲ್ಲಿ ತೂಗಿ ಮಾರುತ್ತಾನೆ. ಅವನ ಲೆಕ್ಕ ತಕ್ಕಡಿಯ ಲೆಕ್ಕ. ಗಾಳಗಾರನ ಲೆಕ್ಕ ಹಾಗಲ್ಲ. ಕೆಲವರನ್ನು ಕೇಳಿ, ಕೆಲವು ಕಡೆ ಎಣಿಸಿ, ಗುಣಿಸಿ ತೆಗೆದ ಅಂದಾಜು ಅದು. ಹಿಡಿದು ಬಿಟ್ಟ ಮೀನುಗಳಲ್ಲಿ ಎಷ್ಟು ಸಾಯುತ್ತವೆಂಬುದೂ ಅಂತಹುದೇ ಊಹೆ. ಸರಿಯಾಗಿ ಬಿಟ್ಟರೆ ಮೀನು ಬದುಕುತ್ತದೆಂದು ಗಾಳಗಾರರು ಹೇಳುತ್ತಲೇ ಇದ್ದರು. 2018ರಲ್ಲಿ ಪ್ರಕಟವಾದ ವಿಜ್ಞಾನಿಗಳ ಪ್ರಯೋಗ ನೂರಕ್ಕೆ ಸುಮಾರು 5 ಮಾತ್ರ ಸಾಯುತ್ತವೆಂದಿತು. ಅದೇ ವರ್ಷ ವಿಜ್ಞಾನಿಗಳ ಸಲಹೆ ಪರಿಷ್ಕಾರವಾಗಿ, ಅಕ್ಟೋಬರಿನಿಂದ ದಿನಕ್ಕೊಂದು ಮೀನು ಒಯ್ಯಲು ಅನುಮತಿ ಬಂತು. 2020ರಲ್ಲಿ ಅದು ಎರಡಾಯಿತು.

ಸಾಗರ ತಾಲ್ಲೂಕಿನ ಕಾಗೋಡಿನ ರೈತರನ್ನು ಇಲ್ಲಿ ನೆನೆಯದೆ ಇರಲಾರೆವು. 1951ರ ಆ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಗೇಣಿ ಅಳೆಯುವ ಕೊಳಗ. ಒಡೆಯ ಇಟ್ಟ ಕೊಳಗ ದೊಡ್ಡದು. ಗೇಣಿದಾರ ಅಳೆದು ಸುರಿಯಬೇಕಾದ್ದು ಅದರಲ್ಲಿ. ಗೇಣಿದಾರರ ಕ್ಷೇಮ ನಾವೇ ನೋಡಿಕೊಳ್ಳುತ್ತೇವೆ, ನಡುವೆ ನಿಮ್ಮ ಸಂಘ ಯಾಕೆ ಎನ್ನುವ ಒಡೆಯರಿಗೆ ನಮ್ಮ ನಾಡಿನಲ್ಲಿ ಎಂದೂ ಬರಗಾಲವಿರಲಿಲ್ಲ. ಕೊಳಗ ಯಾರ ಕೈಯಲ್ಲಿದೆಯೋ ಮಾತೂ ಅವರ ಕೈಯಲ್ಲಿ. ಬಾಸಿನ ವಿಷಯದಲ್ಲಿಯೂ ಗಾಳಗಾರರು ತಾವು ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು ಎಂದು ತಾವೇ ಪುಸ್ತಕವಿಟ್ಟಿದ್ದರೆ ಆ ಅಂದಾಜನ್ನು ಅದೇ ದಿನ ಪ್ರಶ್ನಿಸಬಹುದಾಗಿತ್ತು. ಪುಸ್ತಕವಿಲ್ಲದವನ ಅಳಲನ್ನು ಯಾವ ಅಧಿಕಾರಿಯೂ ಕಡತಕ್ಕೆ ಸೇರಿಸುವುದಿಲ್ಲ.

ಹಾಗಾದರೆ ಅವರ ಪರವಾಗಿ ಮಾತಾಡುವವರು ಯಾರೂ ಇಲ್ಲವೇ? ಇದ್ದಾರೆ, ಬೇಕಾದಷ್ಟು ಮಂದಿ ಇದ್ದಾರೆ.

ಸರಕಾರ ನೇಮಿಸಿದವರು ಮೊದಲನೆಯವರು. 2009ರ ಸಾಗರ ಕಾಯಿದೆಯ ಪ್ರಕಾರ ಇಂಗ್ಲೆಂಡಿನ ಕರಾವಳಿಯನ್ನು ಹತ್ತು ಪ್ರಾಧಿಕಾರಗಳ ವಶಕ್ಕೆ ಹಂಚಿದ್ದಾರೆ. 2011ರಿಂದ ಅವು ಕೆಲಸ ಮಾಡುತ್ತಿವೆ. ದಡದಿಂದ 6 ನಾಟಿಕಲ್ ಮೈಲಿ ತನಕ ಉಪನಿಯಮ ಮಾಡುವ ಅಧಿಕಾರ ಅವಕ್ಕಿದೆ. ಸದಸ್ಯರಲ್ಲಿ ಸ್ಥಳೀಯ ಕೌನ್ಸಿಲುಗಳವರು ಕೆಲವರು, ಇಲಾಖೆಗಳವರು ಕೆಲವರು, ಉಳಿದವರು ಅರ್ಜಿ ಹಾಕಿ ಆಯ್ಕೆಯಾದವರು. ಗಾಳಗಾರಿಕೆ ಬಲ್ಲವರನ್ನೂ ಹೀಗೆ ತೆಗೆದುಕೊಳ್ಳುತ್ತಾರೆ. ಇವರಿಗೆ ಸಂಬಳವಿಲ್ಲ, ಎಷ್ಟೋ ಮಂದಿ ಶ್ರದ್ಧೆಯಿಂದ ದುಡಿಯುತ್ತಾರೆ. ಮನುಷ್ಯರನ್ನು ನಾವು ದೂರುವುದಿಲ್ಲ. ಆದರೆ ಹಗಲು ಸಭೆಗೆ ಸಂಬಳವಿಲ್ಲದೆ ಹೋಗಬಲ್ಲವನು ಯಾರು? ಶಿಫ್ಟಿನ ಕೆಲಸಗಾರನೇ? ಆರಿಸಿದವರು ಅಧಿಕಾರಿಗಳು, ಬೇಡವಾದರೆ ತೆಗೆಯುವವರೂ ಅಧಿಕಾರಿಗಳು. ದಂಡೆಯ ಮೇಲೆ ನಿಂತವನು ಇವನನ್ನು ಕಳಿಸಿಲ್ಲ, ಮರಳಿ ಕರೆಸಲಾರ. ಇಂತಹವನು ಸಲಹೆಗಾರನಾದಾನು, ಪ್ರತಿನಿಧಿಯಾಗಲಾರ. ಗಿರಣಿಯ ವರ್ಕ್ಸ್ ಕಮಿಟಿಗೆ ಮ್ಯಾನೇಜರೇ ಕಾರ್ಮಿಕ ಸದಸ್ಯನನ್ನು ಆರಿಸಿದರೆ ನಮ್ಮವರು ಸುಮ್ಮನಿರುವರೇ?

ಇನ್ನು ವ್ಯಾಪಾರಸ್ಥರು. ಗಾಳ, ರೀಲು, ದೋಣಿ ಮಾಡಿ ಮಾರುವ ಕಂಪೆನಿಗಳಿಗೆ ಗಾಳಗಾರರ ಮೇಲೆ ಬಹಳ ಪ್ರೀತಿ. ಸಣ್ಣ ಅಂಗಡಿಕಾರನ ಪ್ರೀತಿಯಂತೂ ನಿಜವಾದದ್ದೇ. ಗಿರಾಕಿ ಬಾರದಿದ್ದರೆ ಅವನ ಒಲೆ ಹೊತ್ತುವುದಿಲ್ಲ. ಆದರೂ ಗಿರಾಕಿಯ ವೋಟು ಅಂಗಡಿಕಾರನ ಪೆಟ್ಟಿಗೆಯಲ್ಲಿಲ್ಲ ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರು ಒಪ್ಪಿಯಾರು. ಮೀನು ಕಡಿಮೆಯಾದ ವರ್ಷ ಗಾಳಗಾರ 'ಸ್ವಲ್ಪ ಕಾಲ ಬಿಟ್ಟುಬಿಡೋಣ' ಎಂದಾನು. ಸರಕು ಮಾರಬೇಕಾದವನಿಗೆ ಹಾಗೆನ್ನುವುದು ಕಷ್ಟ.

ಗಾಳಗಾರರದೇ ಆದ ಸಂಸ್ಥೆಯೂ ಇದೆ. 1904ರಲ್ಲಿ ಹುಟ್ಟಿದ ಕಡಲ ಗಾಳಗಾರರ ರಾಷ್ಟ್ರೀಯ ಫೆಡರೇಷನ್ 2009ರಲ್ಲಿ ಹೊಳೆ, ಕೆರೆಗಳ ಗಾಳಗಾರರ ಸಂಸ್ಥೆಗಳೊಡನೆ ಕೂಡಿ ಆಂಗ್ಲಿಂಗ್ ಟ್ರಸ್ಟ್ ಆಯಿತು. ಬಾಸಿನ ವಿಷಯದಲ್ಲಿ ಅದು ಹೋರಾಡಿದೆ. ಸರಕಾರ ಅದನ್ನು ಕರೆದು ಕೇಳುತ್ತದೆ. ಇರುವವುಗಳಲ್ಲಿ ಪ್ರತಿನಿಧಿಯೆಂಬ ಮಾತಿಗೆ ಹತ್ತಿರ ಬರುವುದು ಇದೇ. ಆದರೆ ಚಂದಾ ಕೊಡುವ ಸದಸ್ಯರು ಒಟ್ಟು ಗಾಳಗಾರರಲ್ಲಿ ಒಂದು ಸಣ್ಣ ಅಂಶ. ಹೊಳೆಯ ಪರವಾನಗಿಯಿಂದ ಬರುವ ಸರಕಾರಿ ಹಣದಲ್ಲಿ ಕೆಲವು ಸೇವೆಗಳನ್ನು ನಡೆಸುವ ಗುತ್ತಿಗೆಯೂ ಅದಕ್ಕಿದೆ. ಸರಕಾರದ ಹಣ ಮುಟ್ಟಿದ ಮಾತ್ರಕ್ಕೆ ಬಾಯಿ ಕಟ್ಟುತ್ತದೆಂದು ನಾವು ಹೇಳುವುದಿಲ್ಲ. ಸದಸ್ಯರ ಚಂದಾದಿಂದಲೇ ನಡೆಯುವ ಸಂಘದ ಗಂಟಲಿಗೆ ಬೇರೆಯೇ ಒಂದು ಶಕ್ತಿಯಿರುತ್ತದೆಂದು ಮಾತ್ರ ಹೇಳುತ್ತೇವೆ. ಸೇರದೆ ಹೊರಗುಳಿದ ಲಕ್ಷಾಂತರ ಜನರ ತಪ್ಪೂ ಇದರಲ್ಲಿ ಕಡಿಮೆಯದಲ್ಲ. ಚಂದಾ ಕೊಡದೆ ಯೂನಿಯನ್ ಸತ್ತಿತೆಂದು ಬೈಯುವವರು ನಮ್ಮ ಗಿರಣಿಗಳಲ್ಲೂ ಇದ್ದಾರಷ್ಟೆ.

ಇಲ್ಲಿ ಒಂದು ಕಠಿಣ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಲಾರೆವು. ಸಮುದ್ರ ಅನ್ನ ಹುಟ್ಟಿಸಿಕೊಳ್ಳುವವನದು. ಆಟವಾಡುವವನಿಗೆ ಅಲ್ಲಿ ಏನು ಮಾತು? ಹೀಗೆ ಮೀನುಗಾರರು ಕೇಳುತ್ತಾರೆ. ಸಮಾಜವಾದಿಗಳಾದ ನಮಗೆ ಈ ಮಾತು ನಾಟುತ್ತದೆ. ಆಟಕ್ಕಿಂತ ಅನ್ನ ಮೊದಲು, ಸಂದೇಹವಿಲ್ಲ. ಐರ್ಲೆಂಡಿನಲ್ಲಿ 1990ರಿಂದ ಬಾಸ್ ಹಿಡಿದು ಮಾರುವುದನ್ನೇ ನಿಲ್ಲಿಸಿ ಆ ಮೀನನ್ನು ಗಾಳಗಾರರಿಗೆ ಮೀಸಲಿಟ್ಟಿದ್ದಾರೆ. ಮೀನಿಗೆ ಅದರಿಂದ ಉಪಕಾರವಾಗಿರಬಹುದು. ಆದರೆ ಅದನ್ನು ಮಾರಿ ಬದುಕುತ್ತಿದ್ದ ಸಣ್ಣ ದೋಣಿಯವನ ನಷ್ಟವನ್ನು ಯಾರೋ ಹೊರಲೇಬೇಕಾಗಿತ್ತಲ್ಲ. ಹಾಗೆಂದು ಅನ್ನದ ಹೆಸರಿನಲ್ಲಿ ಮಾತಾಡುವವರೆಲ್ಲ ಬಡವರೆಂದು ತಿಳಿಯುವುದೂ ಮೋಸ. ಬ್ರಿಟನ್ನಿನ ಮೀನುದೋಣಿಗಳಲ್ಲಿ ನೂರಕ್ಕೆ ಸುಮಾರು 80 ಭಾಗ 10 ಮೀಟರಿಗಿಂತ ಚಿಕ್ಕವು. ಸರಕಾರ ಇಂತಿಷ್ಟೇ ಹಿಡಿಯಬೇಕೆಂದು ಹಂಚುವ ಕೋಟಾದಲ್ಲಿ ಅವುಗಳ ಪಾಲು ತೀರ ಅಲ್ಪ. ಬಹುಪಾಲು ದೊಡ್ಡ ಹಡಗಿನ ಒಡೆಯರ ಹಿಡಿತದಲ್ಲಿದೆ. 'ಮೀನುಗಾರರ ಹಿತ' ಎಂದು ಮಂತ್ರಿಗಳ ಕೋಣೆಯಲ್ಲಿ ಕೇಳಿಬರುವ ದನಿ ಹೆಚ್ಚಾಗಿ ಇವರದು. ಹತ್ತು ಮೀಟರಿನ ದೋಣಿಯಲ್ಲಿ ಗಾಳ ಹಾಕಿ ಮಾರುವವನೂ, ದಂಡೆಯಲ್ಲಿ ಗಾಳ ಹಾಕಿ ಮನೆಗೊಯ್ಯುವವನೂ ಕಾಯುವುದು ಒಂದೇ ಮೀನಿಗೆ, ದಡದ ಒಂದೇ ನೀರಿನಲ್ಲಿ. ಮೊಟ್ಟೆಯಿಡುವ ಮೀನನ್ನು ಆಳದಲ್ಲಿಯೇ ಬಾಚಿಕೊಂಡು ಹೋದರೆ ಇಬ್ಬರಿಗೂ ಬರಿಗಾಳ. ಇವರಿಬ್ಬರ ನಡುವೆ ನಿಲುಬಲೆಯ ಬಗೆಗೆ ಜಗಳವಿದೆ, ಅದು ಸುಲಭವಾಗಿ ಹರಿಯುವಂತಹುದಲ್ಲ. ನಿಲುಬಲೆಯವರಲ್ಲೂ ಬಡವರೇ ಹೆಚ್ಚು. ಆದರೂ ಆ ಜಗಳ ಇಬ್ಬರ ಪ್ರತಿನಿಧಿಗಳೂ ಎದುರುಬದುರು ಕೂತು ತೀರಿಸಿಕೊಳ್ಳಬೇಕಾದ್ದು. ಮಂತ್ರಿ ಒಬ್ಬನಿಗೆ ಟನ್ನು ಬರೆದು, ಇನ್ನೊಬ್ಬನಿಗೆ ಸೊನ್ನೆ ಬರೆದು ಇಬ್ಬರನ್ನೂ ಬಡಿದಾಡಲು ಬಿಟ್ಟರೆ ಲಾಭ ಮೂರನೆಯವನಿಗೆ.

ಹಣದ ಮಾತಿಗೆ ಬರೋಣ. ಕಡಲ ಗಾಳಕ್ಕೂ ಪರವಾನಗಿ ಶುಲ್ಕ ಹಾಕಿದರೆ ಹೇಗೆಂಬ ವಿಚಾರ 2004ರಲ್ಲಿ ಅಲ್ಲಿನ ಪ್ರಧಾನಮಂತ್ರಿಯ ಕಾರ್ಯತಂತ್ರ ವಿಭಾಗದ ವರದಿಯಲ್ಲಿ ಬಂತು. ಗಾಳಗಾರರಲ್ಲಿ ಬಹಳ ಮಂದಿ ವಿರೋಧಿಸಿದರು. 2009ರ ಕಾಯಿದೆ ಅದಿಲ್ಲದೆಯೇ ಹೊರಬಂತು. ವಿರೋಧಕ್ಕೆ ಕಾರಣವಿತ್ತು. ಬಡವನಿಗೆ ಉಳಿದಿದ್ದ ಒಂದು ಪುಕ್ಕಟೆ ಹಕ್ಕು ಅದು. ಇಂದು ಐದು ಪೌಂಡು ಎಂದವರು ನಾಳೆ ಐವತ್ತು ಎಂದಾರು. ಆದರೆ ಬರೀ ಬೇಡವೆಂದು ಮನೆಗೆ ಹೋದದ್ದು ಸರಿಯಾಗಲಿಲ್ಲವೆಂದು ನಮ್ಮ ಅಭಿಪ್ರಾಯ. 'ಶುಲ್ಕ ಕೊಡುತ್ತೇವೆ, ಆ ಹಣ ನಾವು ಚುನಾಯಿಸಿದ ಮಂಡಳಿಯ ಕೈಗೆ ಬರಬೇಕು, ಪ್ರಾಧಿಕಾರದಲ್ಲಿ ನಮಗೆ ಇಷ್ಟು ಸ್ಥಾನ ಬರೆದುಕೊಡಬೇಕು, ದಂಡೆಯ ಮೇಲಿನ ಮುದುಕರಿಗೂ ಮಕ್ಕಳಿಗೂ ಶುಲ್ಕ ಕೂಡದು' ಎಂದು ಅಂದೇ ಪಟ್ಟುಹಿಡಿದಿದ್ದರೆ 2015ರಲ್ಲಿ ಅವರ ಕೈ ಬರಿದಾಗಿರುತ್ತಿರಲಿಲ್ಲ. ಹಣವೂ ಕೊಡಲಿಲ್ಲ, ಸ್ಥಾನವೂ ಸಿಗಲಿಲ್ಲ. ಕಟ್ಟಳೆ ಮಾತ್ರ ಬಂತು.

ಬೇರೆ ದೇಶಗಳವರು ಬೇರೆ ದಾರಿ ಹಿಡಿದಿದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪರವಾನಗಿ ಶುಲ್ಕದ ಒಂದು ಪಾಲು ಗಾಳಗಾರರ ಸಂಸ್ಥೆಗೆ ಹೋಗುತ್ತದೆ; ಆದರೆ ದೋಣಿಯಿಂದ ಗಾಳ ಹಾಕುವವನಿಗೆ ಪರವಾನಗಿ ಬೇಕು, ದಡದಿಂದ ಹಾಕುವವನಿಗೆ ಬೇಡ. ಹಣ ಕೊಟ್ಟವನ ಮಾತು ಗಟ್ಟಿಯಾಗುವ ಅಪಾಯ ಅಲ್ಲಿಯೂ ತಪ್ಪಿದ್ದಲ್ಲ. ಅಮೆರಿಕದಲ್ಲಿ 1976ರ ಕಾಯಿದೆಯಿಂದ ಎಂಟು ಪ್ರಾದೇಶಿಕ ಮಂಡಳಿಗಳಿವೆ. ಮಾರುವವರೂ ಹವ್ಯಾಸಿಗಳೂ ಸಮತೂಕದಲ್ಲಿರಬೇಕೆಂದು ಕಾನೂನಿನಲ್ಲಿಯೇ ಬರೆದಿದ್ದಾರೆ. ಒಳ್ಳೆಯದು. ಆದರೆ ಹೆಸರು ಸೂಚಿಸುವವರು ಗವರ್ನರುಗಳು, ನೇಮಿಸುವವರು ವಾಣಿಜ್ಯ ಖಾತೆಯ ಕಾರ್ಯದರ್ಶಿ. ಗವರ್ನರರ ಬಾಗಿಲು ತಟ್ಟುವ ಪರಿಚಯ ಯಾರಿಗಿರುತ್ತದೆಂದು ಕೇಳಬೇಕೆ?

ನಮ್ಮ ಸಲಹೆ ಸರಳವಾದದ್ದು. ಗಾಳ ಹಾಕುವವನೇ ಗಾಳಗಾರನ ಪ್ರತಿನಿಧಿಯನ್ನು ಆರಿಸಬೇಕು. ಒಂದೊಂದು ಪ್ರಾಧಿಕಾರದ ತೀರದಲ್ಲಿಯೂ ಹೆಸರು ನೋಂದಾಯಿಸಿದ ಗಾಳಗಾರರ ಪಟ್ಟಿಯಿರಲಿ. ಚಂದಾ ಒಂದು ಹೊತ್ತಿನ ಚಹ ತಿಂಡಿಗಿಂತ ಹೆಚ್ಚಾಗದಿರಲಿ. ಗುಪ್ತ ಮತದಾನವಾಗಲಿ. ದಂಡೆಯವರಿಗೆ ಬೇರೆ ಸ್ಥಾನ, ದೋಣಿಯವರಿಗೆ ಬೇರೆ ಸ್ಥಾನವಿರಲಿ. ಇಲ್ಲದಿದ್ದರೆ ದೋಣಿಯಿರುವವನೇ ಎರಡನ್ನೂ ನುಂಗಿಬಿಡುತ್ತಾನೆ. ಗಾಳ ಮಾರುವ ಕಂಪೆನಿಗೆ ಕಂಪೆನಿಯಾಗಿ ವೋಟು ಬೇಡ; ಅದರ ಮಾಲಿಕ ಗಾಳ ಹಾಕುವವನಾದರೆ ಎಲ್ಲರಂತೆ ಸಾಲಿನಲ್ಲಿ ನಿಂತು ಒಂದು ವೋಟು ಹಾಕಲಿ. ಸಭೆಗೆ ಹೋಗುವ ಪ್ರತಿನಿಧಿಗೆ ಆ ದಿನದ ಸಂಬಳ ತುಂಬಿಕೊಡಬೇಕು. ಮಾತಿಗೆ ತಪ್ಪಿದರೆ ಮರಳಿ ಕರೆಸುವ ಹಕ್ಕಿರಬೇಕು. ಇದಕ್ಕೆ ಬದಲಾಗಿ ಗಾಳಗಾರನೂ ಹಿಡಿದದ್ದರ ಲೆಕ್ಕ ಬರೆಯಬೇಕು. ಕೆಲವು ಜಾತಿಯ ಮೀನಿಗೆ ಹವ್ಯಾಸಿಗಳೂ ಲೆಕ್ಕ ಬರೆಸಬೇಕೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಕೆಲವರಿಗೆ ಇದು ಕಿರುಕುಳವಾಗಿ ಕಂಡಿದೆ. ನಮಗೆ ಹಾಗೆ ಕಾಣುವುದಿಲ್ಲ. ಸರಕಾರದ ಪುಸ್ತಕದ ಜೊತೆಗೆ ಸಂಘದ ಪುಸ್ತಕವೂ ಇರಲಿ, ಎರಡನ್ನೂ ಎದುರಿಗಿಟ್ಟು ವಾದಿಸೋಣ ಎನ್ನುವುದು ಸಂಘಟಿತ ಜನರ ದಾರಿ.

ಬ್ರಿಟನ್ ಒಕ್ಕೂಟವನ್ನು ಬಿಟ್ಟ ಮೇಲೆ ಅದಕ್ಕೊಂದು ಅವಕಾಶವೂ ಬಂದಿದೆ. 2020ರ ಮೀನುಗಾರಿಕೆ ಕಾಯಿದೆಯಂತೆ ಒಂದೊಂದು ಬಗೆಯ ಮೀನಿಗೂ ನಿರ್ವಹಣಾ ಯೋಜನೆ ಮಾಡುತ್ತಿದ್ದಾರೆ. ಬಾಸಿನ ಯೋಜನೆ 2023ರ ಡಿಸೆಂಬರಿನಲ್ಲಿ ಹೊರಬಂತು. ಅದನ್ನು ತಯಾರಿಸುವಾಗ ಗಾಳಗಾರರನ್ನೂ ಕರೆದು ಕೇಳಿದರು. ಕೇಳಿದ್ದು ಸಂತೋಷ. ಆದರೆ ಕರೆದಾಗ ಹೋಗಿ ಹೇಳಿ ಬರುವುದಕ್ಕೂ, ಕುರ್ಚಿ ತನ್ನದೆಂದು ಕೂರುವುದಕ್ಕೂ ಇರುವ ಅಂತರ ದುಡಿಯುವವರಿಗೆ ಗೊತ್ತು. ಆರು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಮರುಪರಿಶೀಲಿಸಬೇಕೆಂದು ಕಾನೂನಿದೆ. ಆ ಪರಿಶೀಲನೆಗೆ 2029 ಕಡೆಯ ಗಡುವು. ಅಷ್ಟರೊಳಗೆ ಮತದಾರರ ಪಟ್ಟಿ ಸಿದ್ಧವಾದರೆ ಆ ಸಭೆಗೆ ಗಾಳಗಾರರು ಕಳಿಸಿದವರೇ ಹೋಗಬಹುದು.

ಇಷ್ಟಾಯಿತು ಅವರ ಮಾತು. ನಮ್ಮ ತೀರದಲ್ಲಿ ಏನಿದೆ? ರಾಂಪಣಿಯ ಕತೆ ಹಿರಿಯ ವಾಚಕರಿಗೆ ನೆನಪಿದ್ದೀತು. ಹತ್ತಾರು ಮನೆಯವರು ಸೇರಿ ದಡದಿಂದ ಎಳೆಯುತ್ತಿದ್ದ ಆ ದೊಡ್ಡ ಬಲೆ, 1970ರ ದಶಕದ ನಡುವೆ ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಮೀನು ದಡಕ್ಕೆ ಬರುವ ಮೊದಲೇ ಕಡಲಲ್ಲಿ ಸುತ್ತುಹಾಕಿಕೊಂಡರೆ ಎಳೆಯುವುದೇನನ್ನು? ರಾಂಪಣಿಯವರ ಹೆಸರು ಹೇಳಿಕೊಂಡು ಮಾತಾಡಿದವರು ಅಂದು ಅನೇಕರಿದ್ದರು. ಬಲೆ ಎಳೆದವರ ಮಾತು ಅವರಲ್ಲಿ ಎಷ್ಟಿತ್ತೆಂಬುದು ಬೇರೆ. 1986ರಲ್ಲಿ ಕರ್ನಾಟಕಕ್ಕೆ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ, ಜೋಡಿ ದೋಣಿಯ ಬುಲ್ ಟ್ರಾಲನ್ನೂ ನಿಷೇಧಿಸಿತು. ಇವೆಲ್ಲ ದೋಣಿಯ ವಿಚಾರ. ಮಂಗಳೂರು, ಮಲ್ಪೆ, ಕಾರವಾರಗಳ ಕಲ್ಲಿನ ದಂಡೆಯ ಮೇಲೆ ಭಾನುವಾರ ಗಾಳ ಹಾಕುವ ಹಂಚಿನ ಕಾರ್ಖಾನೆಯವನು, ರಿಕ್ಷಾದವನು, ಕಿರಾಣಿ ಅಂಗಡಿಯ ಹುಡುಗ ಈ ಯಾವ ಮಾತಿನಲ್ಲೂ ಬರುವುದಿಲ್ಲ. ಈವರೆಗೆ ಅವನಿಗೆ ಯಾರೂ ಕಟ್ಟಳೆ ಹಾಕಿಲ್ಲ ನಿಜ. ದಂಡೆಗೆ ಬೇಲಿ ಬಿದ್ದ ದಿನ, ಅಥವಾ ಪ್ರವಾಸೋದ್ಯಮದ ಹೆಸರಿನಲ್ಲಿ ಗಾಳಕ್ಕೂ ಚೀಟಿ ಬಂದ ದಿನ, ಯಾರ ಬಳಿಗೆ ಹೋಗಬೇಕೆಂಬುದು ಅವನಿಗೆ ಗೊತ್ತಿಲ್ಲ.

ನಮ್ಮ ವಾಚಕರಲ್ಲಿ ಗಾಳ ಹಾಕುವವರಿದ್ದಾರೆಂದು ನಾವು ಬಲ್ಲೆವು. ಕೆಲವರು ಪತ್ರಿಕೆಯಲ್ಲಿಯೇ ಮೀನು ಸುತ್ತಿಕೊಂಡು ಹೋಗುವುದನ್ನೂ ಕಂಡಿದ್ದೇವೆ. ನಮ್ಮ ಕಚೇರಿಯ ಮೇಜಿನ ಮೇಲೆ ಒಂದು ರೂಲು ಹಾಕಿದ ಪುಸ್ತಕ ಇಟ್ಟಿದ್ದೇವೆ. ಹೆಸರು, ಊರು, ಎಲ್ಲಿ ಗಾಳ ಹಾಕುತ್ತೀರಿ, ಈ ವರ್ಷ ಏನು ಸಿಕ್ಕಿತು, ಹತ್ತು ವರ್ಷದ ಹಿಂದೆ ಏನು ಸಿಗುತ್ತಿತ್ತು ಎಂದು ಬರೆಸಿಹೋಗಬಹುದು. ಸಂಜೆ ಶಿಫ್ಟು ಬಿಟ್ಟ ಮೇಲೆ ಎಂಟರ ತನಕ ಬಾಗಿಲು ತೆರೆದಿರುತ್ತದೆ. ಚಂದಾ ಇಲ್ಲ.